ಘಟ್ಟದ ಮೇಲೊಂದು ಅಳಿವೆ: ಹಾಸನದ ಮನೆಯಲ್ಲಿ ಉಪ್ಪು–ಸಿಹಿ ನೀರಿನ ಮೀನು ಸಾಕುವ ಸಮಗ್ರ ಮಾರ್ಗದರ್ಶಿ

ನಾನು ಮೊದಲು ತಂದದ್ದು ನಾಲ್ಕು ಕಪ್ಪು ಮೋಲಿ. ಯಾವ ಮೀನಿನ ಅಂಗಡಿಗೆ ಹೋದರೂ ಸಿಗುವ ಅಗ್ಗದ ಮೀನು ಅದು. ಒಂದು ವಾರ ಚೆನ್ನಾಗಿಯೇ ಇದ್ದವು. ಆಮೇಲೆ ಮುಂದಕ್ಕೂ ಹೋಗದೆ, ಹಿಂದಕ್ಕೂ ಬರದೆ, ಇದ್ದಲ್ಲೇ ಮೈ ತೂಗಾಡಿಸಲು ಶುರುಮಾಡಿದವು. 'ಅಪ್ಪಾ, ಡ್ಯಾನ್ಸ್ ಮಾಡ್ತಿವೆ ನೋಡು' ಅಂದಳು ಮಗಳು. ಹತ್ತು ದಿನದಲ್ಲಿ ನಾಲ್ಕೂ ಹೋದವು. ಅಂಗಡಿಯವರು 'ನೀರು ಬದಲಾಯಿಸಿ ಸಾರ್' ಅಂದರು. ಬದಲಾಯಿಸಿ ಮತ್ತೆ ನಾಲ್ಕು ತಂದೆ. ಅವೂ ಕುಣಿದವು, ಅವೂ ಹೋದವು.

ನೀರು ಕೊಳೆಯಾಗಿರಲಿಲ್ಲ. ಅದರಲ್ಲಿ ಏನೂ ಇರಲಿಲ್ಲ, ಅದೇ ತೊಂದರೆ. ನಮ್ಮ ನಲ್ಲಿಯಲ್ಲಿ ಬರುವುದು ಹೇಮಾವತಿ ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರಿನಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲ. ಮನೆಯವರಿಗೆ ಇಂಥ ಮೆದು ನೀರು ಅಂದರೆ ಖುಷಿ. ಮೋಲಿಗೆ ಅಲ್ಲ. ಅದಕ್ಕೆ ನೀರಿನಲ್ಲಿ ಸುಣ್ಣದಂಶ ಇರಬೇಕು, ಜೊತೆಗೆ ಒಂದಿಷ್ಟು ಉಪ್ಪಿದ್ದರೆ ಇನ್ನೂ ಒಳ್ಳೆಯದು. ಮೂರನೇ ಸಲ ತಂದವಕ್ಕೆ ಸಮುದ್ರದ ಉಪ್ಪು ಬೆರೆಸಿದ ನೀರು ಕೊಟ್ಟೆ. ಕುಣಿತ ನಿಂತಿತು. ಅಲ್ಲಿಂದ ಈ ಹುಚ್ಚು ಹತ್ತಿತು.

ಇದು ಯಾವ ನೀರು

ನಮ್ಮ ಕಡೆ ಸವುಳು ನೀರು ಅಂದರೆ ಬಾಯಿಗೆ ಇಡಲಾಗದ ಬೋರ್‌ವೆಲ್ ನೀರು. ನಾನು ಹೇಳುತ್ತಿರುವುದು ಅದಲ್ಲ. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಪಕ್ಕದಲ್ಲಿ ಕೆಂಪುಹೊಳೆ ಹರಿಯುವುದನ್ನು ನೋಡಿರುತ್ತೀರಿ. ಆ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ ಬೀಳುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೇತ್ರಾವತಿ ಮಂಗಳೂರಿನಲ್ಲಿ ಕಡಲು ಮುಟ್ಟುತ್ತದೆ. ಹೊಳೆ ಕಡಲು ಕೂಡುವ ಆ ಬಾಯಿಗೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ನಮಗೆ ಬೇಕಾದದ್ದು ಆ ಅಳಿವೆ ನೀರು.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಹೊಳೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಳಿವೆ ಇವೆರಡರ ನಡುವೆ, ಅದೂ ದಿನಕ್ಕೊಂದು ಥರ. ಮಳೆಗಾಲದಲ್ಲಿ ಘಟ್ಟದ ನೀರು ನುಗ್ಗಿ ಬಂದಾಗ ಹೆಚ್ಚುಕಡಿಮೆ ಸಿಹಿನೀರೇ. ಏಪ್ರಿಲ್, ಮೇ ಹೊತ್ತಿಗೆ ಹೊಳೆ ಬಡವಾದಾಗ ಉಪ್ಪು ಒಳಗೆ ಏರಿ ಬರುತ್ತದೆ. ಅಲ್ಲಿನ ಮೀನುಗಳ ಕಿವಿರು, ಮೂತ್ರಪಿಂಡ ಎರಡೂ ಈ ಬದಲಾವಣೆಗೆ ಹೊಂದಿಕೊಂಡಿವೆ. ಉಪ್ಪು ಜಾಸ್ತಿಯಾದರೆ ನೀರು ಕುಡಿದು ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತವೆ. ಸಿಹಿನೀರಾದರೆ ಮೈಗೆ ನುಗ್ಗುವ ನೀರನ್ನು ತೆಳು ಮೂತ್ರವಾಗಿ ಬಿಡುತ್ತವೆ. ಆದರೆ ಹೊಳೆಯಲ್ಲಿ ಮೀನಿಗೆ ಬೇಡವೆನಿಸಿದರೆ ಬೇರೆ ಕಡೆ ಈಜಿ ಹೋಗಬಹುದು. ಟ್ಯಾಂಕಿನಲ್ಲಿ ಎಲ್ಲಿಗೆ ಹೋಗುತ್ತದೆ? ಹಾಗಾಗಿ ಬದಲಾವಣೆ ನಿಧಾನವಾಗಿರಬೇಕು.

ಈ ಹವ್ಯಾಸದವರು ಉಪ್ಪನ್ನು ಸಾಂದ್ರತೆಯಲ್ಲಿ ಹೇಳುತ್ತಾರೆ, ಅಂದರೆ ಸಿಹಿನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ ಅಂತ. ಸಿಹಿನೀರು 1.000, ಕಡಲು ಸುಮಾರು 1.025. ಮನೆ ಟ್ಯಾಂಕಿಗೆ 1.005 ಒಳ್ಳೆಯ ಗುರಿ. ಅಂದರೆ ಲೀಟರಿಗೆ 7ರಿಂದ 8 ಗ್ರಾಂ ಸಮುದ್ರದ ಉಪ್ಪು.

ಮೊದಲು ಮೀನು ಆರಿಸಿ, ಆಮೇಲೆ ಟ್ಯಾಂಕ್

ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಮಾಡಿದ್ದೆ.

ಹೊಸಬರಿಗೆ ನನ್ನ ಸಲಹೆ ಮೋಲಿ ಮತ್ತು ಆರೆಂಜ್ ಕ್ರೋಮೈಡ್. ಆರೆಂಜ್ ಕ್ರೋಮೈಡ್ ನಮ್ಮದೇ ಮೀನು. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಹೊಳೆ, ಹಿನ್ನೀರುಗಳಲ್ಲಿ ಮಾತ್ರ ಇದರ ಮೂಲ ನೆಲೆ. ಎಂಟು ಸೆಂಟಿಮೀಟರ್ ಸುತ್ತಮುತ್ತ ಬೆಳೆಯುತ್ತದೆ, ಅರಿಶಿನದ ಬಣ್ಣ, ಮೈಮೇಲೆ ಕಪ್ಪು ಚುಕ್ಕೆ. ಮರಿಗಳನ್ನು ಅಪ್ಪ ಅಮ್ಮ ಇಬ್ಬರೂ ಕಾಯುತ್ತಾರೆ. ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನು ಮೆಲ್ಲಗೆ ಕಚ್ಚಿ ತಿನ್ನುತ್ತವೆ. ಅದನ್ನು ಒಮ್ಮೆ ನೋಡಿದರೆ ಟಿವಿ ಕಡೆ ತಿರುಗುವುದಿಲ್ಲ.

ಅದರ ದೊಡ್ಡ ನೆಂಟ ಗ್ರೀನ್ ಕ್ರೋಮೈಡ್. ಕೇರಳದವರು ಬಾಳೆಲೆಯಲ್ಲಿ ಸುಟ್ಟು ತಿನ್ನುವ ಕರಿಮೀನ್ ಇದೇ. 2010ರಲ್ಲಿ ಕೇರಳ ಇದನ್ನು ರಾಜ್ಯದ ಮೀನು ಅಂತ ಘೋಷಿಸಿತು. ಚಂದದ ಮೀನು, ಆದರೆ ಒಂದು ಗೇಣು ಬೆಳೆಯುತ್ತದೆ. ನಾಲ್ಕು ಅಡಿಗಿಂತ ಚಿಕ್ಕ ಟ್ಯಾಂಕಿಗೆ ಬೇಡ. ಆರೆಂಜ್ ಕ್ರೋಮೈಡ್ ಇದರ ಮೈಗೆ ಹತ್ತಿದ ಪರಾವಲಂಬಿಗಳನ್ನು ಹೆಕ್ಕಿ ತಿನ್ನುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಅಂಗಡಿಯಲ್ಲಿ ನಾಣ್ಯದಷ್ಟಗಲ, ಚುಕ್ಕೆ ಚುಕ್ಕೆಯ ಸ್ಕ್ಯಾಟ್ ಮೀನು ಕಣ್ಣು ಸೆಳೆಯುತ್ತದೆ. ಮೋಸ ಹೋಗಬೇಡಿ. ಅದು ಒಂದಡಿ ಬೆಳೆಯುತ್ತದೆ. ಬೆನ್ನಿನ ಮುಳ್ಳು ಚುಚ್ಚಿದರೆ ಚೇಳು ಕಡಿದ ಹಾಗೆ ಉರಿಯುತ್ತದೆ. ಅದರ ವೈಜ್ಞಾನಿಕ ಹೆಸರಿನ ಅರ್ಥವೇ ಹೇಲು ತಿನ್ನುವುದು ಅಂತ! ಅಷ್ಟು ತಿಂದು ಅಷ್ಟೇ ಹೊಲಸು ಮಾಡುತ್ತದೆ. ಬೆಳ್ಳಿಯ ತಟ್ಟೆಯಂಥ ಮೋನೋ ಮೀನಿಗೂ ದೊಡ್ಡ ಟ್ಯಾಂಕೇ ಬೇಕು, ಅದೂ ಗುಂಪಾಗಿ. ಇವೆರಡೂ ದೊಡ್ಡವಾದಂತೆ ಜಾಸ್ತಿ ಉಪ್ಪು ಕೇಳುತ್ತವೆ, 1.010 ಮತ್ತು ಅದಕ್ಕೂ ಮೇಲೆ.

ಪಫರ್ ಮೀನಿನಲ್ಲಿ ಫಿಗರ್ ಏಟ್ ಚಿಕ್ಕದು, 1.005ಕ್ಕೆ ಒಗ್ಗುತ್ತದೆ. ಗ್ರೀನ್ ಸ್ಪಾಟೆಡ್ ಪಫರ್ ಹದಿನೈದು ಸೆಂಟಿಮೀಟರ್ ಮುಟ್ಟುತ್ತದೆ, ಉಪ್ಪೂ ಜಾಸ್ತಿ ಬೇಕು. ಎರಡಕ್ಕೂ ಹಲ್ಲು ಬೆಳೆಯುತ್ತಲೇ ಇರುತ್ತದೆ. ಸವೆಯಲು ಬಸವನಹುಳ ಕೊಡಬೇಕು. ಗದ್ದೆಯಿಂದ ಹಿಡಿದು ತರಬೇಡಿ, ಔಷಧಿ ಹೊಡೆದಿರುತ್ತಾರೆ. ಒಂದು ಜಾಡಿಯಲ್ಲಿ ಮನೆಯಲ್ಲೇ ಬೆಳೆಸಿಕೊಳ್ಳಿ. ಪಕ್ಕದ ಮೀನಿನ ಬಾಲ ಕಚ್ಚುವ ಚಾಳಿ ಇರುವುದರಿಂದ ಪಫರ್‌ಗೆ ಬೇರೆ ಮನೆಯೇ ಆಗಬೇಕು.

ಆರ್ಚರ್ ಮೀನು ಬಾಯಿಂದ ನೀರು ಚಿಮ್ಮಿಸಿ ಎಲೆ ಮೇಲಿನ ಹುಳ ಬೀಳಿಸುತ್ತದೆ. ಅದು ನನ್ನ ಮುಂದಿನ ಆಸೆ. ಮನೆಯಲ್ಲಿ ಜಾಗಕ್ಕೆ ಅನುಮತಿ ಸಿಕ್ಕಿಲ್ಲ.

ಟ್ಯಾಂಕ್, ಸ್ಟ್ಯಾಂಡ್, ಕರೆಂಟು

ನಾಲ್ಕು ಆರೆಂಜ್ ಕ್ರೋಮೈಡ್, ನಾಲ್ಕೈದು ಮೋಲಿಗೆ 3 ಅಡಿ ಉದ್ದ, 1 ಅಡಿ ಅಗಲ, 1.5 ಅಡಿ ಎತ್ತರದ ಟ್ಯಾಂಕ್ ಸಾಕು. ತುಂಬಿದರೆ 127 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಸುಮಾರು 100 ಲೀಟರ್ ನೀರು ಅಂತ ಲೆಕ್ಕ ಹಿಡಿಯಿರಿ. ಗಾಜು, ಮರಳು ಎಲ್ಲ ಸೇರಿ ತೂಕ ಒಂದೂವರೆ ಕ್ವಿಂಟಲ್ ದಾಟುತ್ತದೆ. ಹಳೇ ಟೀಪಾಯಿ ಮೇಲೆ ಇಡುವ ಮಾತೇ ಬೇಡ. ಟ್ಯಾಂಕಿನ ಅಡಿಗೆ ಥರ್ಮೋಕೋಲ್ ಹಾಕಿ.

ಉಪ್ಪುನೀರಿನ ಹನಿ ಎಲ್ಲಿ ಸಿಡಿದರೂ ಒಣಗಿ ಬಿಳಿ ಪುಡಿಯಾಗಿ ಕೂರುತ್ತದೆ. ಕಬ್ಬಿಣದ ಸ್ಟ್ಯಾಂಡ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಮರದ್ದು ಮಾಡಿಸಿ, ಇಲ್ಲವೇ ಚೆನ್ನಾಗಿ ಪೇಂಟ್ ಹೊಡೆಸಿ. ಮುಚ್ಚಳ ಗಾಜಿನದೇ ಇರಲಿ. ಪ್ಲಗ್ ವಿಷಯದಲ್ಲಿ ಸದರ ಬೇಡ: ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಪ್ರತಿ ತಂತಿಯೂ ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಏರಬೇಕು. ಹಾಗಿದ್ದರೆ ಹನಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಇಳಿಯುವುದಿಲ್ಲ. ಟ್ಯಾಂಕಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ ಆಫ್.

ಫಿಲ್ಟರ್ ದುಬಾರಿಯದೇ ಬೇಕಿಲ್ಲ. ಏರ್ ಪಂಪಿನ ದೊಡ್ಡ ಸ್ಪಂಜ್ ಫಿಲ್ಟರ್ ಎರಡು ಹಾಕಿದರೆ ಈ ಟ್ಯಾಂಕಿಗೆ ಸಾಕು. ಒಂದನ್ನು ತೊಳೆಯುವಾಗ ಇನ್ನೊಂದು ಕೆಲಸ ಮಾಡುತ್ತಿರುತ್ತದೆ.

ತಳಕ್ಕೆ ಸಣ್ಣ ಮರಳು, ಅದರಲ್ಲಿ ಒಂದೆರಡು ಬೊಗಸೆ ಹವಳದ ಚೂರು ಅಥವಾ ಚೆನ್ನಾಗಿ ಕುದಿಸಿದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು. ಮಂಗಳೂರಿನ ನೆಂಟರಿದ್ದರೆ ಊಟ ಮುಗಿದ ಮೇಲೆ ಚಿಪ್ಪು ಕೇಳಿ ತನ್ನಿ. ಅದು ನಿಧಾನಕ್ಕೆ ಕರಗಿ ನೀರಿಗೆ ಸುಣ್ಣದಂಶ ಕೊಡುತ್ತದೆ. ಗಿಡದಲ್ಲಿ ಜಾವಾ ಫರ್ನ್, ಅನುಬಿಯಾಸ್ 1.005ರವರೆಗೆ ತಡೆದುಕೊಳ್ಳುತ್ತವೆ. ಉಳಿದವು ಬಹುತೇಕ ಕೊಳೆಯುತ್ತವೆ. ಕರಾವಳಿಗೆ ಹೋದಾಗ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ಕಿತ್ತು ತರಲು ಮಾತ್ರ ಹೋಗಬೇಡಿ.

ಉಪ್ಪಿನ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಡುಗೆ ಉಪ್ಪು, ಹರಳುಪ್ಪು ಬೇಡ. ಮೂಡಿಗೆರೆ ಕಡೆ ತೋಟದಲ್ಲಿರುವ ನನ್ನ ಭಾವ 'ಉಪ್ಪು ಉಪ್ಪೇ ಅಲ್ವಾ' ಅಂತ ಹರಳುಪ್ಪು ಸುರಿದರು. ಅವರದ್ದು ಹಳ್ಳದ ನೀರು, ನಮ್ಮದಕ್ಕಿಂತಲೂ ಮೆದು. ರುಚಿ ನೋಡಿದರೆ ಉಪ್ಪಾಗಿತ್ತು. ಆದರೆ ಮೂರು ವಾರಕ್ಕೆ ನೀರು ಹುಳಿಯಾಗಿ ಪಿಎಚ್ 6ಕ್ಕೆ ಇಳಿಯಿತು. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ನಾನು ಸಮುದ್ರದ ಉಪ್ಪು ಅನ್ನುವುದು ಅಕ್ವೇರಿಯಂಗೆಂದೇ ಮಾಡಿದ್ದು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಎಲ್ಲ ಇರುತ್ತವೆ. ನೀರು ಹುಳಿಯಾಗದಂತೆ ಹಿಡಿದು ನಿಲ್ಲಿಸುವುದು ಆ ಕಾರ್ಬೊನೇಟ್. ಅಳಿವೆ ಮೀನಿಗೆ ಪಿಎಚ್ 7.5ರಿಂದ 8.4ರೊಳಗೆ ಇರಬೇಕು. ಅಕ್ವೇರಿಯಂ ಅಂಗಡಿಯಲ್ಲಿ 'ಮರೈನ್ ಸಾಲ್ಟ್' ಅಂತಲೇ ಕೇಳಿ. 'ಅಕ್ವೇರಿಯಂ ಸಾಲ್ಟ್' ಅಂತ ಕೊಡುವ ಪೊಟ್ಟಣ ಮತ್ತೆ ಅದೇ ಸೋಡಿಯಂ ಕ್ಲೋರೈಡ್.

ಚಮಚದ ಲೆಕ್ಕ ಬಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಭಾರವಾಗುತ್ತದೆ, ಹಾಗಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೂಕ ಮಾಡಿದ ಮೇಲೂ ರಿಫ್ರಾಕ್ಟೋಮೀಟರ್‌ನಲ್ಲಿ ಒಮ್ಮೆ ನೋಡಿ. ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಅಳತೆ ಕಾಣುತ್ತದೆ. ತಿಂಗಳಿಗೊಮ್ಮೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹನಿ ಬಿಟ್ಟು ಸೊನ್ನೆ ತೋರುತ್ತದಾ ಅಂತ ಪರೀಕ್ಷಿಸಿ. ತೇಲುವ ಹೈಡ್ರೋಮೀಟರ್ ಅಗ್ಗ, ಆದರೆ ನೀರು ತಣ್ಣಗಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಡಿಸೆಂಬರ್ ಬೆಳಗ್ಗೆ ಹಾಸನದ ಬಕೆಟ್ ನೀರಿನಲ್ಲಿ ಅದನ್ನು ನಂಬಬೇಡಿ.

ಈಗ ಕೆಲಸ. ನಲ್ಲಿ ನೀರನ್ನು ಬಕೆಟ್‌ಗಳಲ್ಲಿ ಹಿಡಿದು, ಕ್ಲೋರಿನ್ ಹೋಗಲು ಆಂಟಿ ಕ್ಲೋರಿನ್ ಹಾಕಿ ಅಥವಾ ಒಂದು ದಿನ ಬಾಯಿ ತೆರೆದಿಡಿ. 100 ಲೀಟರಿಗೆ 300 ಗ್ರಾಂ ಮರೈನ್ ಸಾಲ್ಟ್ ಕರಗಿಸಿ. ಇದು ಸುಮಾರು 1.002. ಹೊಸ ಟ್ಯಾಂಕ್ ಇಲ್ಲಿಂದಲೇ ಶುರುವಾಗಲಿ. ಮೀನು ಬಂದು ನೆಲೆಯಾದ ಮೇಲೆ ವಾರಕ್ಕೆ 0.001ರಂತೆ ಏರಿಸಬೇಕು.

ಏರಿಸುವುದು ಹೀಗೆ. ವಾರಕ್ಕೊಮ್ಮೆ 25 ಲೀಟರ್ ತೆಗೆದು 25 ಲೀಟರ್ ಹಾಕುತ್ತೀರಿ. ತೆಗೆದ ನೀರಿನ ಜೊತೆ ಲೀಟರಿಗೆ 3 ಗ್ರಾಂನಂತೆ 75 ಗ್ರಾಂ ಉಪ್ಪು ಹೋಯಿತು. ಅದನ್ನು ತುಂಬಲು 75, ಏರಿಸಲು 150, ಒಟ್ಟು 225 ಗ್ರಾಂ ಹೊಸ ನೀರಿಗೆ ಹಾಕಿ. ಮುಂದಿನ ವಾರ ಟ್ಯಾಂಕಿನಲ್ಲಿ ಲೀಟರಿಗೆ 4.5 ಗ್ರಾಂ ಇರುತ್ತದೆ, ಅದಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ಮೂರು ವಾರಕ್ಕೆ 7.5 ಗ್ರಾಂ, ಅಂದರೆ 1.005 ಮುಟ್ಟುತ್ತೀರಿ. ನಾನು ಇದನ್ನೆಲ್ಲ ಹಾಲಿನ ಲೆಕ್ಕದ ಕ್ಯಾಲೆಂಡರ್ ಮೇಲೆಯೇ ಬರೆಯುತ್ತೇನೆ.

ಉಪ್ಪನ್ನು ಮೀನಿರುವ ಟ್ಯಾಂಕಿಗೆ ನೇರವಾಗಿ ಸುರಿಯಬಾರದು. ಹಿಂದಿನ ರಾತ್ರಿ ಬಕೆಟಿನಲ್ಲಿ ಕರಗಿಸಿ, ಏರ್ ಪಂಪಿನ ಕಲ್ಲು ಬಿಟ್ಟು ಬೆಳಗಿನವರೆಗೆ ಗುಳುಗುಳು ಅನ್ನಲು ಬಿಡಿ.

ಇನ್ನೊಂದು ಮಾತು. ಟ್ಯಾಂಕಿನ ನೀರು ಆವಿಯಾದಾಗ ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಮಟ್ಟ ಇಳಿಯಿತು ಅಂತ ಉಪ್ಪುನೀರು ಸೇರಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಸಾರು ಬತ್ತಿದರೆ ಉಪ್ಪಾಗುತ್ತದಲ್ಲ, ಹಾಗೆ. ಆವಿಯಾದ ಪಾಲಿಗೆ ಸಿಹಿನೀರು, ನೀವೇ ತೆಗೆದ ಪಾಲಿಗೆ ಉಪ್ಪುನೀರು. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟುಕೊಳ್ಳಿ.

ಟ್ಯಾಂಕ್ ಪಳಗಿಸುವುದು

ಹೊಸ ಕಬ್ಬಿಣದ ಹೆಂಚಿನಲ್ಲಿ ಮೊದಲ ದಿನವೇ ದೋಸೆ ಏಳುತ್ತದಾ? ಟ್ಯಾಂಕೂ ಹಾಗೇ. ಮೀನಿನ ಹೊಲಸು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಅಪಾಯವಲ್ಲ, ವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನೀರು ತಣ್ಣಗಿದ್ದರೆ ಇನ್ನೂ ನಿಧಾನ.

ಅಷ್ಟು ದಿನ ಮೀನಿಲ್ಲದೆ ಫಿಲ್ಟರ್, ಹೀಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಮನೆಯವರು ನಗುತ್ತಾರೆ, ನಗಲಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಮೊದಲು ಏರಿ, ಆಮೇಲೆ ಎರಡೂ ಸೊನ್ನೆಗೆ ಬಂದು ನಿಂತರೆ ಟ್ಯಾಂಕ್ ಪಳಗಿತು ಅಂತ ಅರ್ಥ. ಸ್ನೇಹಿತರ ಹಳೇ ಟ್ಯಾಂಕಿನ ಸ್ಪಂಜ್ ಸಿಕ್ಕರೆ ಕೆಲಸ ಅರ್ಧಕ್ಕರ್ಧ ಬೇಗ ಆಗುತ್ತದೆ. ಹೆಪ್ಪು ಕೇಳಿ ತಂದ ಹಾಗೆ.

ನಮ್ಮ ಟ್ಯಾಂಕಿಗೆ ಇದು ಸಿಹಿನೀರಿನದಕ್ಕಿಂತ ಮುಖ್ಯ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಪಿಎಚ್ 8ರಲ್ಲಿ ಸ್ವಲ್ಪ ಅಮೋನಿಯಾ ಇದ್ದರೂ ಮೀನು ಏದುಸಿರು ಬಿಡುತ್ತದೆ.

ಮೀನು ತರುವ ದಿನ

ಮೋಲಿ ಊರಲ್ಲೇ ಸಿಗುತ್ತದೆ. ಕ್ರೋಮೈಡ್‌ಗೆ ನಾನು ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತೇನೆ. ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಇದು ಈಗ ಎಂಥ ನೀರಿನಲ್ಲಿದೆ? ಬಹಳಷ್ಟು ಕಡೆ ಅಳಿವೆ ಮೀನನ್ನೂ ಸಿಹಿನೀರಿನಲ್ಲೇ ಇಟ್ಟಿರುತ್ತಾರೆ. 'ಸಿಹಿನೀರಲ್ಲೇ ಆರಾಮಾಗಿರುತ್ತೆ ಸಾರ್' ಅನ್ನುತ್ತಾರೆ. ಕೆಲವು ತಿಂಗಳು ಇರುತ್ತದೆ, ನಿಜ. ಉತ್ತರ ಗೊತ್ತಾದರೆ ಸಾಕು, ನೀವು ಎಲ್ಲಿಂದ ಶುರುಮಾಡಬೇಕು ಅಂತ ತಿಳಿಯುತ್ತದೆ.

ಆಕ್ಸಿಜನ್ ತುಂಬಿದ ಕವರನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ತನ್ನಿ. ಮನೆಗೆ ಬಂದ ಮೇಲೆ ಕವರನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಮೀನನ್ನು ಬಕೆಟಿಗೆ ಹಾಕಿ, ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ, ಡ್ರಿಪ್ ಬಾಟಲಿಯ ಹಾಗೆ, ಹನಿ ಹನಿ ನೀರು ಬಿಡಿ. ಎರಡು ಗಂಟೆಯಾದರೂ ಆಗಲಿ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿ ನೀರು ಬೇಡ. ಪಫರ್ ಆದರೆ ಬಲೆ ಬೇಡ, ಲೋಟದಲ್ಲಿ ನೀರಿನ ಸಮೇತ ಎತ್ತಬೇಕು. ಗಾಳಿ ನುಂಗಿ ಉಬ್ಬಿಕೊಂಡರೆ ಅದಕ್ಕೆ ಕಷ್ಟ.

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲು ಮೋಲಿ, ಎರಡು ವಾರ ಬಿಟ್ಟು ಕ್ರೋಮೈಡ್. ಜೋಡಿಯಾದ ಕ್ರೋಮೈಡ್‌ಗಳು ಮೂಲೆ ಹಿಡಿದು ಉಳಿದವರನ್ನು ಅಟ್ಟುತ್ತವೆ. ಅವಿತುಕೊಳ್ಳಲು ಒಡೆದ ಮಡಕೆ ಎರಡು ಇಟ್ಟಿರಿ.

ಊಟ, ವಾರದ ಕೆಲಸ

ಮೋಲಿ, ಕ್ರೋಮೈಡ್ ಎರಡೂ ಸೊಪ್ಪು ತಿನ್ನುತ್ತವೆ. ಬಿಸಿನೀರಿನಲ್ಲಿ ಅದ್ದಿದ ಪಾಲಕ್, ಸಿಪ್ಪೆ ತೆಗೆದ ಬಟಾಣಿ, ಸೌತೆಕಾಯಿ ಹೋಳು ಕೊಡಿ. ಅಂಗಡಿಯ ಕಾಳಿನಂಥ ಮೀನಿನ ಆಹಾರ (ಪೆಲೆಟ್) ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಸಂತೆಯ ಒಣಮೀನು, ಒಣಸೀಗಡಿ ಹಾಕಬೇಡಿ, ಅದರ ಉಪ್ಪು ನಿಮ್ಮ ಲೆಕ್ಕ ಕೆಡಿಸುತ್ತದೆ. ಮೊದಲ ಮಳೆಗೆ ದೀಪ ಮುತ್ತುವ ಈಸಲು ಹುಳ ಮಾತ್ರ ಹಬ್ಬದೂಟ, ಔಷಧಿ ಸಿಂಪಡಿಸದ ಕಡೆಯದಾಗಿದ್ದರೆ.

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ತಳದ ಹೊಲಸು ಪೈಪಿನಲ್ಲಿ ಎಳೆಯಿರಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಸ್ಪಂಜನ್ನು ಹಿಂಡಿ. ನಲ್ಲಿ ಕೆಳಗೆ ಉಜ್ಜಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು ಆರು ವಾರದ ಪಳಗಿಸುವಿಕೆ ಮಣ್ಣುಪಾಲು.

ನಮ್ಮೂರಿನ ತಾಪತ್ರಯಗಳು

ಈ ಮೀನುಗಳಿಗೆ 24ರಿಂದ 28 ಡಿಗ್ರಿ ಬೆಚ್ಚಗಿನ ನೀರು ಬೇಕು. ಕರಾವಳಿಯಲ್ಲಿ ಹೀಟರ್ ಇಲ್ಲದೆ ನಡೆಯುತ್ತದೆ. ಹಾಸನ, ಚಿಕ್ಕಮಗಳೂರಿನಲ್ಲಿ ನಡೆಯುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 100 ವ್ಯಾಟ್ ಹೀಟರ್ ಹಾಕಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ನೀರು ತೆಗೆಯುವ ಮೊದಲು ಹೀಟರ್ ಆರಿಸಿ ಕಾಲು ಗಂಟೆ ಕಾಯಿರಿ, ಇಲ್ಲದಿದ್ದರೆ ಹೀಟರಿನ ಗಾಜು ಚಟ್ ಅನ್ನುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ತೋಟದ ಕಡೆಯವರಿಗೆ ಹೇಳಬೇಕಿಲ್ಲ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಆಕ್ಸಿಜನ್ ಕಡಿಮೆ ಕರಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ಆ ದಿನ ಊಟ ಹಾಕಬೇಡಿ. ಟ್ಯಾಂಕಿಗೆ ಕಂಬಳಿ ಹೊದಿಸಿದರೆ ಬಿಸಿ ಸುಮಾರು ಹೊತ್ತು ನಿಲ್ಲುತ್ತದೆ.

ಸೊಳ್ಳೆ ಬತ್ತಿ, ಲಿಕ್ವಿಡ್ ಎರಡನ್ನೂ ಆ ಕೋಣೆಯಲ್ಲಿ ಹಚ್ಚಬೇಡಿ. ಅದರಲ್ಲಿರುವ ಔಷಧಿ ಮೀನಿಗೆ ತೀರಾ ವಿಷ, ಏರ್ ಪಂಪ್ ಅದನ್ನು ಎಳೆದು ಸೀದಾ ನೀರಿಗೆ ತುಂಬುತ್ತದೆ. ನಮ್ಮ ಮನೆಯಲ್ಲಿ ಈಗ ಸೊಳ್ಳೆ ಪರದೆ.

ತೆಗೆದ ನೀರನ್ನು ಏನು ಮಾಡುವುದು

ಸಿಹಿನೀರಿನ ಟ್ಯಾಂಕಿನ ನೀರು ಗಿಡಕ್ಕೆ ಒಳ್ಳೇ ಗೊಬ್ಬರ. ಅದೇ ಅಭ್ಯಾಸದಲ್ಲಿ ನಾನು ಒಂದು ತಿಂಗಳು ಅಳಿವೆ ನೀರನ್ನೂ ಅಮ್ಮನ ಆಂಥೂರಿಯಂ ಕುಂಡಗಳಿಗೆ ಹಾಕಿದೆ. ಎಲೆಯ ಅಂಚು ಸುಟ್ಟ ಹಾಗಾಯಿತು, ಆಮೇಲೆ ಆರು ಕುಂಡ ಒಣಗಿದವು. ಕಾಫಿ, ಮೆಣಸಿನ ಬುಡಕ್ಕಂತೂ ಹಾಕಲೇಬೇಡಿ. ಬಚ್ಚಲ ಮೋರಿಗೆ ಬಿಡಿ. ಬೇಡವಾದ ಮೀನನ್ನು ಕೆರೆಗೋ ಯಗಚಿ ಹೊಳೆಗೋ ಬಿಡಬೇಡಿ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ಸಾಕುವವರಿಗೆ ಕೊಡಿ.

ಈಗ ನಮ್ಮ ಮನೆಯಲ್ಲಿ ಉಪ್ಪುನೀರಿಗೆ ಕೆಂಪು ಬಕೆಟ್ ಬೇರೆಯೇ ಇದೆ. ಅದರ ಮೇಲೆ ಅಮ್ಮ ಸುಣ್ಣದಲ್ಲಿ ಬರೆದಿದ್ದಾರೆ: 'ಗಿಡದ ಹತ್ತಿರ ತರಬೇಡ.'